ದೊಡ್ಡ ಕಂಪ್ಯೂಟರಿನ ಹಿಂದಿರುವ ಕೈಗಳು
(ಬೆಳ್ಳಿಹಬ್ಬದ ಪೂರ್ವಭಾವಿ ಸರ್ವಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರಿನ ಬಗ್ಗೆ ಇವರೇನು ಹೇಳ್ತಾರೆ ಅಂತ ನೀವು ನಗಬಹುದು. ನಮ್ಮ ಅಣ್ಣನ ಮಗಳು ಬೆಂಗಳೂರಿನಲ್ಲಿ ಸಂಶೋಧಕರಿಗೆ ಸೂಪರ್ ಕಂಪ್ಯೂಟರ್ ಬಳಸಲು ನೆರವಾಗುವ ಕೆಲಸದಲ್ಲಿದ್ದಾಳೆ. ಅದೇನು ಕೆಲಸ ಅಂತ ಊರವರು ಕೇಳಿದರೆ ಅಣ್ಣನಿಗೆ ಹೇಳಲು ಬರುತ್ತಿರಲಿಲ್ಲ. ಹಬ್ಬಕ್ಕೆ ಬಂದಾಗ ನಾವೇ ಕೂರಿಸಿಕೊಂಡು ಕೇಳಿದೆವು.

ಸೂಪರ್ ಕಂಪ್ಯೂಟರ್ ಅಂದರೆ ನೂರಾರು ಕಂಪ್ಯೂಟರುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ನಮ್ಮ ದೇಶದವರು 1991ರಲ್ಲಿ ಪುಣೆಯ ಸಿ-ಡ್ಯಾಕ್‌ನಲ್ಲಿ 'ಪರಮ್ 8000' ಕಟ್ಟಿದರು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ 'ಪರಮ್ ಪ್ರವೇಗ'ದ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಆದರೆ ಹತ್ತು ಜೊತೆ ಎತ್ತು ತಂದರೂ ಹೊಲವನ್ನು ಪಾಲು ಮಾಡದಿದ್ದರೆ ಒಂದು ಜೊತೆ ಉಳುತ್ತದೆ, ಒಂಬತ್ತು ಜೊತೆ ನಿಂತಿರುತ್ತವೆ. ಮೇಜಿನ ಕಂಪ್ಯೂಟರಿಗೆ ಬರೆದ ಲೆಕ್ಕವನ್ನು ಹಾಗೇ ತಂದು ಹಾಕಿದರೂ ಇದೇ ಗತಿ. ಅದನ್ನು ಪಾಲು ಮಾಡಲು ಕಲಿಸುವುದು ಇವಳ ಕೆಲಸ. ಅಲ್ಲಿಯೂ ನಮ್ಮ ಸಂಘದ ಟ್ರ್ಯಾಕ್ಟರಿನಂತೆ ಸರದಿ ಉಂಟು. ಎಷ್ಟು ಯಂತ್ರ, ಎಷ್ಟು ಗಂಟೆ ಬೇಕೆಂದು ಮೊದಲೇ ಬರೆದುಕೊಡಬೇಕು. ಹೆಚ್ಚು ಕೇಳಿದವರು ಹೆಚ್ಚು ಕಾಯಬೇಕು. ಚಿಕ್ಕ ಲೆಕ್ಕ ಸಂದಿಯಲ್ಲಿ ಮುಗಿದುಹೋಗುತ್ತದೆ. ಹೇಳಿದ ಗಂಟೆ ಮೀರಿದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಮಳೆಯ ಬಗ್ಗೆ ಅಧ್ಯಯನ ಮಾಡುವ ಹುಡುಗನೊಬ್ಬನ ಲೆಕ್ಕ ಮೂರು ಸಲ ಹೀಗೇ ನಿಂತು, ಅವನು ಓದೇ ಬಿಡುತ್ತೇನೆ ಅಂದನಂತೆ. ಆದಷ್ಟನ್ನು ಆಗಾಗ ಉಳಿಸಿಟ್ಟು, ನಿಂತಲ್ಲಿಂದಲೇ ಮುಂದುವರಿಸುವುದನ್ನು ಇವಳು ರಾತ್ರಿ ಕೂತು ಕಲಿಸಿದಳು. ಅವನ ಪ್ರಬಂಧ ಅಚ್ಚಾಯಿತು. ಇವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ.

"ಬೇಜಾರಿಲ್ಲವೇನಮ್ಮಾ?" ಅಂದೆವು.

"ಇದೆ ಚಿಕ್ಕಪ್ಪ. ಆದರೆ ಈಗ ಅವನೇ ನಾಲ್ಕು ಜನಕ್ಕೆ ಹೇಳಿಕೊಡ್ತಾನೆ."

ಬ್ರಿಟನ್ನಿನಲ್ಲಿ ಇಂಥ ಕೆಲಸದವರು 2012ರಲ್ಲಿ ಸೇರಿ, ತಮಗೆ 'ರಿಸರ್ಚ್ ಸಾಫ್ಟ್‌ವೇರ್ ಇಂಜಿನಿಯರ್' ಎಂಬ ಹೆಸರಿಟ್ಟುಕೊಂಡರಂತೆ. ಹೆಸರಿಲ್ಲದ ಕೆಲಸಕ್ಕೆ ಬಡ್ತಿಯೂ ಇಲ್ಲ, ಬೆಲೆಯೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಇದನ್ನು ಕೇಳಿದಾಗ ನಮಗೆ ನಮ್ಮ ಗುಮಾಸ್ತರ ನೆನಪಾಯಿತು. 25 ವರ್ಷ ನಮ್ಮ ಸಾಲದ ಅರ್ಜಿ ತುಂಬಿಕೊಟ್ಟವರು ಅವರು. ಈ ಸಂಚಿಕೆಗೆ ನಾವು ಸಿದ್ಧಮಾಡಿದ ಪಟ್ಟಿಯಲ್ಲಿ ನಿರ್ದೇಶಕರೆಲ್ಲರ ಹೆಸರಿದೆ, ಅವರದಿಲ್ಲ. ತಪ್ಪು ನಮ್ಮದೇ. ಅದನ್ನು ಸೇರಿಸಿಯೇ ಅಚ್ಚಿಗೆ ಕಳಿಸಬೇಕೆಂದು ಸಭೆಯನ್ನು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ!