ಕೇಪಿನ ಕೋವಿ: ಮದ್ದಿನ ಆಯ್ಕೆ, ಗುಂಡಿನ ಆಯ್ಕೆ

(ಉಪನ್ಯಾಸದ ಬರಹರೂಪ)



ಉದ್ಯಾವರ ಒಂದು ಕಾಲದಲ್ಲಿ ಆಳುಪರ ರಾಜಧಾನಿ. ಇಲ್ಲಿ ದೊರೆತ 8ನೆಯ ಶತಮಾನದ ಶಾಸನಗಳು ಈ ಊರಿಗಾಗಿ ನಡೆದ ಕಾದಾಟಗಳಲ್ಲಿ ಮಡಿದ ವೀರರನ್ನು ಸ್ಮರಿಸುತ್ತವೆ. ಅವರ ಕೈಯಲ್ಲಿದ್ದುದು ಕತ್ತಿ, ಬಿಲ್ಲು, ಈಟಿ. ಸಿಡಿಮದ್ದು ಈ ಕರಾವಳಿಯನ್ನು ತಲುಪಿದ್ದು ಎಷ್ಟೋ ಶತಮಾನಗಳ ಅನಂತರ. ಬಂದದ್ದು ಮತ್ತೆ ಹೋಗಲಿಲ್ಲ. ಜಾತ್ರೆಯಲ್ಲಿ ಸಿಡಿಯುವ ಕದಿನವಾಗಿ, ತೋಟದ ಮನೆಯ ಗೋಡೆಗೆ ಒರಗಿದ ಕೇಪಿನ ಕೋವಿಯಾಗಿ ಇಂದಿಗೂ ಉಳಿದಿದೆ.

ಉಡುಪಿ, ಕಾರ್ಕಳದ ಕಡೆಯ ಹಿರಿಯರಿಗೆ ಕೋವಿಯಲ್ಲಿ ಎರಡು ಜಾತಿ ಗೊತ್ತು. ಹಿಂದಿನಿಂದ ತೋಟೆ ಇಡುವುದು ತೋಟೆ ಕೋವಿ. ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬಿ ಜಡಿಯುವುದು ಕೇಪಿನ ಕೋವಿ. ಎರಡನೆಯದರಲ್ಲಿ ಕುದುರೆಯೂ ಅದನ್ನು ನಡೆಸುವ ಯಂತ್ರವೂ ನಳಿಗೆಯ ಬಲಮಗ್ಗುಲಿಗೆ ಇರುತ್ತವೆ. ಮೊದಲು ಈ ಜಾಗದಲ್ಲಿ ಉರಿಯುವ ಜಾಮಗಿ ಇತ್ತು, ಆಮೇಲೆ ಚಕಮಕಿ ಕಲ್ಲು ಬಂತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಕಿಡಿ ಹುಟ್ಟಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬೆಳೆದದ್ದೇ ತಾಮ್ರದ ಪುಟ್ಟ ಟೋಪಿ, ನಮ್ಮ ಕೇಪು.

ಇಷ್ಟು ಹಳೆಯ ಆಯುಧ ಇಂದಿಗೂ ಉಳಿದಿರುವುದಕ್ಕೆ ಕಾನೂನೂ ಒಂದು ಕಾರಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನೇ ಹೆಸರಿಸುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿಗೆ ಪರವಾನಿಗೆ ನೀಡಬಹುದು. ಕೊಡಗಿನ ಸ್ಥಿತಿ ಬೇರೆ. 1861ರಿಂದ ಕೊಡವರಿಗೆ ಪರವಾನಿಗೆಯಿಂದ ವಿನಾಯಿತಿ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಕೋವಿಗೆ ಯಾವ ಮದ್ದು ಸಲ್ಲುತ್ತದೆ? ಉತ್ತರ ಒಂದೇ: ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೆಯ ಮದ್ದು ಇದು. ಇದರ ಪೆಟ್ಲುಪ್ಪಿಗಾಗಿ ಯುರೋಪಿನ ಕಂಪೆನಿಗಳು ಬಿಹಾರದಲ್ಲಿ ಪೈಪೋಟಿ ನಡೆಸಿದ್ದವು. ಕರಿಮದ್ದು ಕಾಳುಕಾಳಾಗಿರುತ್ತದೆ, ಕಾಳಿನ ಹೊರಮೈಯಿಂದ ಉರಿಯುತ್ತದೆ. ಆದ್ದರಿಂದ ಕಾಳು ಸಣ್ಣದಾದಷ್ಟೂ ಬೇಗ ಉರಿಯುತ್ತದೆ, ದಪ್ಪವಾದಷ್ಟೂ ನಿಧಾನ. ಕಿರಿದಾದ ನಳಿಗೆಗೆ ಸಣ್ಣ ಕಾಳು, ಅಗಲ ನಳಿಗೆಗೆ ದಪ್ಪ ಕಾಳು ಎಂಬ ಹಳೆಯ ನಿಯಮದ ಗುಟ್ಟು ಇಷ್ಟೇ.

ಹೊಗೆ ಬರುವುದಿಲ್ಲವೆಂದು ತೋಟೆಯೊಳಗಿನ ಮದ್ದನ್ನು ಬಿಚ್ಚಿ ಕೇಪಿನ ಕೋವಿಗೆ ಸುರಿಯುವ ಯೋಚನೆ ಕೆಲವರಿಗೆ ಬರುವುದುಂಟು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಫ್ರಾನ್ಸಿನಲ್ಲಿ 1884ರಲ್ಲಿ ರೂಪುಗೊಂಡ ಹೊಗೆಯಿಲ್ಲದ ಮದ್ದು ಬೇರೆಯೇ ವಸ್ತು. ಅದೇ ಅಳತೆಯಷ್ಟು ಹಾಕಿದರೆ ಒತ್ತಡ ಎಷ್ಟೋ ಪಟ್ಟು ಏರುತ್ತದೆ. ಹಳೆಯ ನಳಿಗೆ ಅದನ್ನು ತಾಳದೆ ಬಿರಿಯುತ್ತದೆ. ಆಗ ಹೋಗುವುದು ಹಂದಿಯ ಪ್ರಾಣವಲ್ಲ, ಕೋವಿ ಹಿಡಿದವನ ಎಡಗೈ ಮತ್ತು ಕಣ್ಣು. ಪಟಾಕಿಯಿಂದ ತೆಗೆದ ಪುಡಿಯೂ ಅಷ್ಟೇ ಅಪಾಯಕಾರಿ. ಮದ್ದನ್ನು ಮನೆಯಲ್ಲಿ ಕುಟ್ಟುವುದು ಜೀವಕ್ಕೂ ಕೇಡು, ಕಾನೂನಿಗೂ ವಿರುದ್ಧ. ಪರವಾನಿಗೆ ಪಡೆದ ಅಂಗಡಿಯ ಮದ್ದೇ ಆಗಬೇಕು.

ಕರಿಮದ್ದಿಗೂ ಒಂದು ದೋಷವಿದೆ. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ನಳಿಗೆಯಲ್ಲಿ ಉಳಿದ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲ ನಾಲ್ಕು ತಿಂಗಳು ಹಿಡಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಶುರು. ಅದಕ್ಕೇ ಹಿರಿಯರು ಈಡು ಹಾರಿಸಿದ ದಿನವೇ ಬಿಸಿನೀರಿನಿಂದ ನಳಿಗೆ ತೊಳೆದು, ಒರೆಸಿ, ಎಣ್ಣೆ ಹಾಕಿಡುತ್ತಿದ್ದರು.

ಇನ್ನು ಗುಂಡು. ಕೋವಿಯ 'ನಂಬರಿ'ನ ಅರ್ಥ ಹಲವರಿಗೆ ತಿಳಿದಿಲ್ಲ. 12 ನಂಬರ್ ಎಂದರೆ ಆ ನಳಿಗೆಗೆ ಸರಿಹೊಂದುವ ದುಂಡನೆಯ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗುತ್ತವೆ. ಅಂದರೆ ಒಂದು ಗುಂಡು ಸುಮಾರು 38 ಗ್ರಾಂ. ನಂಬರ್ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ.

ನಳಿಗೆಯ ಒಳಮೈ ನಯವಾಗಿದ್ದರೆ ಒಂಟಿ ಗುಂಡನ್ನೂ ಹಾಕಬಹುದು, ಚರೆಯನ್ನೂ ಹಾಕಬಹುದು. ಒಳಗೆ ಸುರುಳಿ ಗೀರುಗಳಿದ್ದರೆ ಅದು ರೈಫಲ್. ರೈಫಲಿಗೆ ಚರೆ ಹೊಂದದು. ಗೀರುಗಳು ಚರೆಯನ್ನು ತಿರುಗಿಸಿ ಚದುರಿಸುತ್ತವೆ. ಅದಕ್ಕೆ ನಳಿಗೆಗಿಂತ ಕೂದಲೆಳೆಯಷ್ಟು ಕಿರಿದಾದ ದುಂಡು ಗುಂಡನ್ನು ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಜಡಿಯುತ್ತಾರೆ. ಬಟ್ಟೆ ಗೀರನ್ನು ಹಿಡಿಯುತ್ತದೆ, ಗುಂಡು ಬುಗುರಿಯಂತೆ ತಿರುಗಿ ನೇರ ಹೋಗುತ್ತದೆ. ಆದರೆ ಹೀಗೆ ಜಡಿಯುವುದು ಯುದ್ಧದಲ್ಲಿ ನಿಧಾನ. ಫ್ರಾನ್ಸಿನ ಮಿನಿಯೆ 1849ರಲ್ಲಿ ಬುಡ ಟೊಳ್ಳಾದ ಮೊನೆಗುಂಡನ್ನು ರೂಪಿಸಿದ. ಅದು ಸಲೀಸಾಗಿ ಒಳಗಿಳಿದು, ಮದ್ದು ಹೊತ್ತಿದಾಗ ಬುಡ ಅರಳಿ ಗೀರನ್ನು ಕಚ್ಚುತ್ತದೆ. ಇದೇ ಬಗೆಯ, ಸುಮಾರು 34 ಗ್ರಾಂ ತೂಕದ ಗುಂಡು 1853ರ ಎನ್‌ಫೀಲ್ಡ್ ರೈಫಲಿನದು. ಅದರ ಕಾಗದದ ತೋಟೆಗೆ ದನದ, ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿಯೇ 1857ರ ದಂಗೆಗೆ ಕಿಡಿಯಾಯಿತು. ಒಂದು ಸಾಮ್ರಾಜ್ಯ ಅಲುಗಾಡಿದ್ದು ಜಿಡ್ಡಿನ ಆಯ್ಕೆಯಿಂದ!

ಗುಂಡು ಯಾವ ಆಕಾರದ್ದಾದರೂ ಲೋಹ ಮಾತ್ರ ಮೆತ್ತನೆಯ ಶುದ್ಧ ಸೀಸ. ಗಟ್ಟಿ ಮಿಶ್ರಲೋಹದ ಮೊನೆಗುಂಡಿನ ಬುಡ ಅರಳುವುದಿಲ್ಲ. ಕೈಗೆ ಸಿಕ್ಕ ಮೊಳೆ, ಕಬ್ಬಿಣದ ಚೂರು ತುಂಬಿದರೆ ನಳಿಗೆ ಗೀಚಿ ಹಾಳಾಗುತ್ತದೆ. ಸೀಸ ವಿಷವೆಂಬುದನ್ನೂ ಮರೆಯಬಾರದು. ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣಬಾರದು.

ಆಯ್ಕೆ ಸರಿಯಾದರೂ ತುಂಬುವಾಗ ತಪ್ಪಿದರೆ ಅಪಾಯವೇ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಎರಡು ಸಲ ಈಡು ತುಂಬುವುದು ಇನ್ನೊಂದು ಗಂಡಾಂತರ. ಅಮೆರಿಕದ ಗೆಟಿಸ್‌ಬರ್ಗ್ ಕದನದ ಬಳಿಕ, 1863ರಲ್ಲಿ, ರಣಭೂಮಿಯಿಂದ ಹೆಕ್ಕಿದ ಸುಮಾರು 27 ಸಾವಿರ ಕೋವಿಗಳಲ್ಲಿ 24 ಸಾವಿರದಷ್ಟು ತುಂಬಿದಂತೆಯೇ ಇದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಎರಡೆರಡು ಈಡುಗಳಿದ್ದವು. ತರಬೇತಾದ ಸೈನಿಕರೇ ಗಾಬರಿಯಲ್ಲಿ ಹೀಗೆ ಮರೆತರೆ, ಕತ್ತಲಲ್ಲಿ ತೋಟಕ್ಕೆ ಓಡುವ ರೈತನ ಪಾಡೇನು? ಪರಿಹಾರ ಸುಲಭ. ಖಾಲಿ ನಳಿಗೆಗೆ ಜಡಿಯುವ ಕೋಲನ್ನು ಇಳಿಸಿ ಒಂದು ಗುರುತು, ಸರಿಯಾದ ಈಡಿನ ಮೇಲೆ ಇಳಿಸಿ ಇನ್ನೊಂದು ಗುರುತು ಮಾಡಿಡಬೇಕು. ಆಮೇಲೆ ಕೋಲೇ ನಿಜ ಹೇಳುತ್ತದೆ. ಬೆರಳಿನಲ್ಲಿ ಈಡನ್ನು ಅಳೆಯುವ ಹಳೆಯ ರೂಢಿ ಇದಕ್ಕೆ ಸಮವಲ್ಲ. ಎಲ್ಲರ ಬೆರಳೂ ಒಂದೇ ದಪ್ಪವಲ್ಲ. ಕೇಪನ್ನು ಇಡುವುದು ಕಟ್ಟಕಡೆಗೆ, ಈಡು ಹಾರಿಸುವ ಹೊತ್ತಿಗೆ ಮಾತ್ರ.

ಹಾಗಾದರೆ ಇಂದಿನ ರೈತನಿಗೆ ಯಾವ ಗುಂಡು ಒಳ್ಳೆಯದು? ಬಹುಪಾಲು ಸಂದರ್ಭಗಳಲ್ಲಿ ಯಾವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿಯ ಪರವಾನಿಗೆಯನ್ನು ಬೇಟೆಯ ಪರವಾನಿಗೆಯಾಗಲು ಬಿಡುವುದಿಲ್ಲ. ಬೆಳೆ ತಿಂದಿತೆಂದು ನವಿಲನ್ನಾಗಲಿ ಹಂದಿಯನ್ನಾಗಲಿ ತಾನೇ ನಿರ್ಧರಿಸಿ ಕೊಲ್ಲುವಂತಿಲ್ಲ. ಮದ್ದು ಹಾಗೂ ತೆಂಗಿನ ನಾರಿನ ಬಿರಡೆ ಮಾತ್ರ ಹಾಕಿ ಆಕಾಶಕ್ಕೆ ಹಾರಿಸುವ ಬರಿಯ ಸದ್ದು ತೋಟ ಕಾಯುವ ಕೆಲಸವನ್ನು ಮಾಡಬಲ್ಲುದು. ರೈತರ ಕಷ್ಟ ಸುಳ್ಳಲ್ಲ. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತದೆ, ಆದರೆ ಹಂದಿಗಳಿಗೆ ನೀತಿಸಂಹಿತೆ ಇಲ್ಲ. ಈ ದೂರು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಆಡಳಿತ ಕೊಡಬೇಕು, ಹೆಚ್ಚಿನ ಮದ್ದು ಕೊಡಲಾರದು.

ಗುಂಡಿಲ್ಲದ ಈಡಿಗೂ ಘನತೆಯಿದೆ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು. ಕೈಲ್ ಪೊಳ್ದಿನಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ನಮ್ಮ ದೇವಸ್ಥಾನದ ಕದಿನವೂ ಯಾರನ್ನೂ ಕೊಲ್ಲದೆ ಹತ್ತೂರಿಗೆ ಸುದ್ದಿ ಮುಟ್ಟಿಸುತ್ತದೆ. ಮದ್ದನ್ನು ಅರಿತು ಆರಿಸಿದವನಿಗೆ, ಗುಂಡನ್ನು ಯಾವಾಗ ಬಿಡಬೇಕೆಂಬುದೂ ಅರಿವಾಗಿರಬೇಕು.