ಮ್ಯಾಚ್ ದಿನದ ಕೋಸಂಬರಿ



ಡಿಸೆಂಬರ್ 26ಕ್ಕೆ ಎಂ.ಸಿ.ಜಿ.ಯಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಶುರು. ಟ್ರುಗನಿನಾದ ನಮ್ಮ ಮನೆಗಳಲ್ಲೂ ಟಿ.ವಿ. ಮುಂದೆ ಮಕ್ಕಳ ಸ್ನೇಹಿತರು, ಮೊಮ್ಮಕ್ಕಳ ಗೆಳೆಯರು ಸೇರುತ್ತಾರೆ. ಅವರಿಗಾಗಿ ನೀವು ಒಲೆ ಮುಂದೆ ನಿಂತು ಬೋಂಡಾ ಕರಿಯಬೇಕಿಲ್ಲ. ರಾಮನವಮಿಗೆ ಮಾಡುವ ಕೋಸಂಬರಿಯೇ ಸಾಕು.

ಒಂದು ಲೋಟ ಹೆಸರುಬೇಳೆಯನ್ನು ಚೆನ್ನಾಗಿ ತೊಳೆದು ಒಂದು ಗಂಟೆ ನೆನೆಸಿ, ಬಸಿಯಿರಿ. ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ತುರಿ, ಒಂದು ಹಿಡಿ ಕಾಯಿತುರಿ, ನಿಂಬೆರಸ ಬೆರೆಸಿ, ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಉಪ್ಪು ಬಡಿಸುವಾಗಲಷ್ಟೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಸಪ್ಪೆಯಾಗುತ್ತದೆ, ಆಮೇಲೆ ಇನ್ನಷ್ಟು ಉಪ್ಪು ಸುರಿಯುತ್ತೇವೆ. ಬಿ.ಪಿ. ಇದ್ದವರಿಗೆ ಇದು ಸಣ್ಣ ಮಾತಲ್ಲ.

ಇಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಸ್ವಲ್ಪ ಸ್ವಲ್ಪವೇ ಹೊರಗಿಡಿ, ಉಳಿದದ್ದು ಫ್ರಿಜ್ಜಿನಲ್ಲಿರಲಿ. ಹೊರಗೆ 4 ಗಂಟೆ ಕಳೆದದ್ದನ್ನು ಮನಸ್ಸು ಗಟ್ಟಿ ಮಾಡಿ ಎಸೆಯಿರಿ.

ಚುರುಮುರಿಯನ್ನೂ ಕಲಸುತ್ತೀರಾ? ಹಾಗಾದರೆ ಕಡಲೆಕಾಯಿ ಬೇಡವೇ ಬೇಡ. ಇಲ್ಲಿ ಎಷ್ಟೋ ಮಕ್ಕಳಿಗೆ ಅದರ ಅಲರ್ಜಿ, ಉಸಿರೇ ಕಟ್ಟಬಹುದು. ಎಪಿಪೆನ್ ಎಲ್ಲಿದೆ ಎಂದು ಮಗುವಿನ ತಂದೆತಾಯಿಯನ್ನು ಮೊದಲೇ ಕೇಳಿಡಿ. ತೊಂದರೆಯಾದರೆ ಎಪಿಪೆನ್ ಚುಚ್ಚಿ ತಕ್ಷಣ 000ಗೆ ಕರೆ ಮಾಡಬೇಕು. "ಒಂದೇ ಒಂದು ಕಾಳು ತಿನ್ನಲಿ ಬಿಡು" ಅನ್ನುವ ನಮ್ಮ ಅಕ್ಕರೆ ಇಲ್ಲಿ ನಡೆಯದು.

ಇನ್ನು ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕೋಸಂಬರಿಯನ್ನೇ ಊಟ ಅಂದುಕೊಂಡು ಕೂರಬೇಡಿ. ಆಟಗಾರರು ಲಂಚಿಗೆ ಹೋದಾಗ ನೀವೂ ಎದ್ದು ಅನ್ನವೋ ಚಪಾತಿಯೋ ಊಟ ಮಾಡಿ ಬನ್ನಿ.