ಅರಗು, ಶಲಾಕೆ, ಲೇಸರ್



ಕಾಶಿಯೆಂದೊಡನೆ ನಮ್ಮ ಮನಸ್ಸು ವಿಶ್ವನಾಥನ ಗುಡಿಗೋ ಜಂಗಮವಾಡಿ ಮಠಕ್ಕೋ ಓಡುವುದಲ್ಲದೆ, ಕಾಶೀರಾಜನಾದ ದಿವೋದಾಸ ಧನ್ವಂತರಿಯಲ್ಲಿ ಶಲ್ಯತಂತ್ರವನ್ನು ಅಭ್ಯಸಿಸಿದನೆಂದು ಸಂಪ್ರದಾಯವು ಹೇಳುವ ಸುಶ್ರುತನ ಕಡೆಗೆ ತಿರುಗುವುದು ಅಪರೂಪ. ಶಲ್ಯವೆಂದರೆ ದೇಹದೊಳಗೆ ಸಿಕ್ಕಿಕೊಂಡು ಬಾಧಿಸುವ ಪದಾರ್ಥ. ಎಲುಬಿನಲ್ಲಿ ನಾಟಿದ ಬಾಣವು ಕೈಗೆ ಬಾರದಿದ್ದರೆ ಅದನ್ನು ಬಿಲ್ಲಿನ ಹೆದೆಯಿಂದ ಕುದುರೆಯ ಕಡಿವಾಣಕ್ಕೆ ಬಿಗಿದು, ಚಾವಟಿಯೇಟಿಗೆ ಕುದುರೆ ತಲೆಯೆತ್ತಿದ ರಭಸದಲ್ಲಿ ಕೀಳಿಸಬೇಕೆಂಬ ಉಪಾಯವನ್ನು ಅವನ ಸಂಹಿತೆಯಲ್ಲಿ ಓದುವಾಗ, ರೋಗಿಯ ಪಾಡನ್ನು ನೆನೆದು ಎದೆ ನಡುಗುತ್ತದೆ. ಗಂಟಲಿನಲ್ಲಿ ಅರಗು ಸಿಕ್ಕಿಕೊಂಡವನಿಗೆ, ಬಹುಶಃ ಮಗುವೇ ಇರಬೇಕು, ಹೇಳಿರುವ ಕ್ರಮವು ಬೇರೆ: ನಾಳವೊಂದನ್ನು ಗಂಟಲಿಗಿಳಿಸಿ, ಅದರೊಳಗಿನಿಂದ ಕಾದ ಶಲಾಕೆಯನ್ನು ತೂರಿಸಿ, ಕರಗಿ ಅಂಟಿಕೊಂಡ ಅರಗಿಗೆ ತಣ್ಣೀರೆರೆದು, ಗಟ್ಟಿಯಾದೊಡನೆ ಶಲಾಕೆಯೊಡನೆಯೇ ಹೊರಗೆಳೆಯುವುದು.

ಈ ಅರಗಿನ ದಾಯಾದಿಯೊಂದು ಈಗ ನಮ್ಮ ಎಷ್ಟೋ ಹಿರಿಯರ ಸೊಂಟದಲ್ಲಿ ಕುಳಿತಿದೆ. ಅದೇ ಬೋನ್ ಸಿಮೆಂಟ್. ಕಟ್ಟುಹಲ್ಲಿನ ಅಕ್ರಿಲಿಕ್ಕಿನ ಜಾತಿಯದು. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1960ರ ಸುಮಾರಿಗೆ ಇದನ್ನು ರೂಢಿಗೆ ತಂದರು. ಪುಡಿಗೆ ದ್ರವವನ್ನು ಕಲಸಿ, ಕಣಕದಂತೆ ಮಿದುವಾಗಿರುವಾಗಲೇ ತೊಡೆಯೆಲುಬಿನ ಟೊಳ್ಳಿಗೆ ತುಂಬಿ ಕೃತಕ ಕೀಲಿನ ಲೋಹದ ಕಾಂಡವನ್ನೂರಿದರೆ, ಹತ್ತು ಹನ್ನೆರಡು ನಿಮಿಷಗಳಲ್ಲಿ ಕಲ್ಲಾಗುತ್ತದೆ. ಅದು ಅಂಟಲ್ಲ, ಸಂದು ತುಂಬುವ ಗಾರೆ. ವರ್ಷಗಳು ಸಂದು ಕೀಲು ಸಡಿಲಿದರೆ ಹೊಸದನ್ನು ಕೂರಿಸುವ ಮುನ್ನ ಆ ಗಾರೆಯನ್ನೆಲ್ಲ ಉಳಿ ಸುತ್ತಿಗೆಗಳಿಂದ ಕೆತ್ತಿ ತೆಗೆಯಬೇಕು. ಆಗ, ಅಷ್ಟರಲ್ಲೇ ಸವೆದು ತೆಳುವಾದ ಎಲುಬು ತೂತಾಗುವ, ಸೀಳುವ ಭಯ.

ಪೆಟ್ಟಿಲ್ಲದೆ ತೆಗೆಯಲಾಗದೇ ಎಂದು ಯೋಚಿಸಿದವರಿಗೆ ದೊರೆತದ್ದು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರ್. ಕಣ್ಣಿಗೆ ಕಾಣದ ಆ ಕಿರಣವನ್ನು ಅಕ್ರಿಲಿಕ್ ಹೀರಿಕೊಂಡು ಆವಿಯಾಗಿಬಿಡುತ್ತದೆ. ಆದರೆ ಆ ಆವಿ ಘಾಟು, ಹೊತ್ತಿಕೊಳ್ಳುವಂಥದು. ಒಡನೊಡನೆ ಹೀರಿ ತೆಗೆಯಬೇಕು. ಕಾವು ನೆರೆಯ ಎಲುಬನ್ನು ಸುಡಬಾರದು. ಸಾಮಾನ್ಯ ಗಾಜಿನ ಎಳೆಯೊಳಗೆ ಆ ಕಿರಣ ಸಾಗದಾದ್ದರಿಂದ, ಬಾಗಿದ ಟೊಳ್ಳಿನ ಆಳಕ್ಕೆ ಅದನ್ನೊಯ್ಯುವುದೂ ಪ್ರಯಾಸ.

ಹೀಗಾಗಿ ಶಸ್ತ್ರಾಗಾರದಲ್ಲಿ ಲೇಸರಿಗಿಂತ ಹೆಚ್ಚು ನೆಲೆಯೂರಿದ್ದು ಅಲ್ಟ್ರಾಸೌಂಡಿನ ಶಲಾಕೆ. ಕಿವಿಗೆ ಕೇಳದ ವೇಗದಲ್ಲಿ ಕಂಪಿಸುವ ಅದರ ಮೊನೆಗೆ ಸಿಮೆಂಟು ಮೆತ್ತಗಾಗಿ ಹತ್ತಿಕೊಂಡು, ಮೊನೆಯೊಡನೆಯೇ ಹೊರಬರುತ್ತದೆ. ಗಂಟಲಿನ ಅರಗಿಗೂ ಸುಶ್ರುತನು ಹೇಳಿದ್ದು ಇದನ್ನೇ ಅಲ್ಲವೆ? ಎಲುಬು ಕಾಯದಿರಲೆಂದು ವೈದ್ಯರು ಇಂದಿಗೂ ನಡುನಡುವೆ ತಣ್ಣನೆಯ ಉಪ್ಪುನೀರನ್ನೆರೆಯುತ್ತಾರೆ.